ಅಳಿಸಬೇಡ, ಸರಿಸಿಡು

"ಆ ಬಟನ್ ಒತ್ತಬೇಡಿ!"

ಸ್ಕ್ರೂ ಅಕ್ಕ ಕೂಗಿದ ರಭಸಕ್ಕೆ ಟೀಚರ ಬೆರಳು ಲ್ಯಾಪ್‌ಟಾಪಿನ ಪವರ್ ಬಟನ್ನಿನಿಂದ ಒಂದು ಕೂದಲೆಳೆಯಷ್ಟು ಮೇಲೆಯೇ ನಿಂತುಬಿಟ್ಟಿತು.

"ಇನ್ನೊಂದು ಸಲ ಹಾಕಿ ನೋಡೋಣ ಅಂತ..."

"ಎರಡು ದಿನದಿಂದ ಹಾಕಿ ನೋಡ್ತಾನೇ ಇದ್ದೀರಿ. ಸುತ್ತೋ ಚುಕ್ಕೆ ಬಿಟ್ಟು ಬೇರೇನಾದ್ರೂ ಕಂಡಿತಾ?"

"ಇಲ್ಲ."

"ಕಾಣದೇ ಇದ್ದದ್ದೇ ಪುಣ್ಯ ಅಂದ್ಕೊಳ್ಳಿ. ಕೂತ್ಕೊಳ್ಳಿ."

ಟೀಚರ್ ಕೂತರು. ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷ ಗಣಿತ ಹೇಳಿಕೊಟ್ಟ ಹೆಂಗಸು. ಬೆಳಿಗ್ಗೆ ಒಂಬತ್ತಕ್ಕೆ ಮಹಡಿ ಮೇಲಿನ ಈ ಕಂಪ್ಯೂಟರ್ ರಿಪೇರಿ ಅಂಗಡಿಯೊಳಗೆ ಕಾಲಿಟ್ಟವರ ಬಾಯಿಂದ ಬಂದ ಮೊದಲ ಮಾತೇ "ಮೂವತ್ತೆಂಟು ಮೆಟ್ಟಿಲು." ಎಲ್ಲಿ ಹತ್ತಿದರೂ ಎಣಿಸುವುದು ಅವರಿಗೆ ಉಸಿರಾಟದಷ್ಟೇ ಸಹಜ.

ಆರು ಮಹಡಿಯ ಕಚೇರಿ ಕಟ್ಟಡದ ಲಿಫ್ಟು ಕುಸಿದು ಕಸ ಗುಡಿಸುವ ಹೆಂಗಸೊಬ್ಬಳು ಸತ್ತು ಹದಿನಾರು ದಿನವಾಗಿತ್ತು. ಆ ಲಿಫ್ಟು ಸುಸ್ಥಿತಿಯಲ್ಲಿದೆಯೆಂದು ಸಹಿ ಹಾಕಿದವರು ಎಂದು ಪತ್ರಿಕೆಗಳಲ್ಲಿ ಫೋಟೋ ಬಂದ ಲಿಫ್ಟ್ ಇನ್‌ಸ್ಪೆಕ್ಟರು, ಅಂದರೆ ಟೀಚರ ಗಂಡ, ಎದೆನೋವಿನಿಂದ ಸತ್ತು ಹನ್ನೆರಡು ದಿನ.

ಇವತ್ತು ಹತ್ತೊಂಬತ್ತನೇ ತಾರೀಕು. ಸಂಜೆ ನಾಲ್ಕಕ್ಕೆ ವಿಚಾರಣಾ ಸಮಿತಿಯ ಕೊನೆಯ ಕಲಾಪ. ಅಷ್ಟರೊಳಗೆ ಏನಾದರೂ ಸಿಗದಿದ್ದರೆ, ಆ ಹೆಂಗಸಿನ ಸಾವು ಸತ್ತ ಮನುಷ್ಯನ ಹೆಸರಿಗೆ ಕಾಯಮ್ಮಾಗಿ ಅಂಟಿಕೊಳ್ಳುತ್ತಿತ್ತು.

ಸ್ಕ್ರೂ ಅಕ್ಕ ಲ್ಯಾಪ್‌ಟಾಪನ್ನು ಬೋರಲು ಹಾಕಿದಳು. ಹನ್ನೊಂದು ಸ್ಕ್ರೂಗಳು. ಬಿಚ್ಚಿದ ಒಂದೊಂದನ್ನೂ ಅದದರ ರಂಧ್ರದ ಸ್ಥಾನದಲ್ಲೇ ಅಯಸ್ಕಾಂತದ ತಟ್ಟೆಯ ಮೇಲೆ ಜೋಡಿಸಿದಳು. ಯಂತ್ರ ಯಾವುದೇ ಇರಲಿ, ಮತ್ತೆ ಮುಚ್ಚುವಾಗ ಒಂದು ಸ್ಕ್ರೂ ಹೆಚ್ಚಾಗಬಾರದು, ಒಂದು ಕಮ್ಮಿಯಾಗಬಾರದು ಎಂಬ ಹಟಕ್ಕೇ ಆ ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದರು. ತಲೆಯ ಸ್ಕ್ರೂ ಸಡಿಲವಾದವರೂ ಅವಳ ಹತ್ತಿರ ಹೋಗಬಹುದು ಎಂದು ಪಕ್ಕದ ಟೈಲರು ನಗುತ್ತಿದ್ದ.

"ಇನ್ನೊಂದು ಕಡೆ ಕೇಳಿದ್ದೆ," ಎಂದರು ಟೀಚರ್. "ಆಪರೇಟಿಂಗ್ ಸಿಸ್ಟಂ ಕೆಟ್ಟಿದೆ, ಹೊಸದಾಗಿ ಹಾಕಿದ್ರೆ ಅರ್ಧ ಗಂಟೇಲಿ ಸರಿಹೋಗುತ್ತೆ ಅಂದ್ರು."

"ಅರ್ಧ ಗಂಟೆ ಸಾಕು. ಮನೆ ಕೆಡವೋಕೂ ಅರ್ಧ ಗಂಟೆ ಸಾಕು. ಒಳಗಿರೋರನ್ನ ಮೊದಲು ಈಚೆಗೆ ಕರ್ಕೊಂಡು ಬರಬೇಕಲ್ವಾ?"

ಅವಳು ಡಿಸ್ಕನ್ನು ಹೊರತೆಗೆದು, ಓದಲು ಮಾತ್ರ ಬಿಡುವ, ಬರೆಯಲು ಬಿಡದ ಒಂದು ಪೆಟ್ಟಿಗೆಗೆ ಸಿಕ್ಕಿಸಿದಳು. ಅದರಲ್ಲಿದ್ದದ್ದೆಲ್ಲ ಅಕ್ಷರಕ್ಕೆ ಅಕ್ಷರ ಇನ್ನೊಂದು ಖಾಲಿ ಡಿಸ್ಕಿಗೆ ನಕಲಾಗತೊಡಗಿತು. ನಕಲಿನ ಮೇಲೆ ಎಷ್ಟು ಬೇಕಾದರೂ ಕೆಲಸ ಮಾಡಬಹುದು. ಮೂಲವನ್ನು ಮುಟ್ಟುವ ಹಾಗಿಲ್ಲ.

ಟೀಚರ್ ಗೋಡೆ ನೋಡುತ್ತಿದ್ದರು. ಅಲ್ಲಿ ರಟ್ಟಿನ ಮೇಲೆ, ದಪ್ಪ ದುಂಡು ಅಕ್ಷರದಲ್ಲಿ, ಮೂರೇ ಸಾಲು:

*ಮೊದಲು ನಕಲು. ಅಳಿಸಬೇಡ, ಸರಿಸಿಡು. ಕೇಳದೆ ತೆರೆಯಬೇಡ.*

"ಒಳ್ಳೆ ನಿಯಮ," ಎಂದರು.

"ಅನ್ಯಾಯ ಮಾಡಿ ಕಲಿತದ್ದು," ಎಂದಷ್ಟೇ ಹೇಳಿದಳು ಸ್ಕ್ರೂ ಅಕ್ಕ. ಹನ್ನೊಂದು ವರ್ಷದ ಹಿಂದೆ ಅಂಗಡಿ ಹೊಸದು. ಒಬ್ಬ ತಾಯಿಯ ಕಂಪ್ಯೂಟರಿಗೆ ಸಿಸ್ಟಂ ಹಾಕುವಾಗ ಅವಳೂ ಅವಳ ಒಡಹುಟ್ಟಿದ ಅಣ್ಣನೂ ಡಿಸ್ಕನ್ನು ಪೂರ್ತಿ ಅಳಿಸಿಬಿಟ್ಟಿದ್ದರು. ಅದರಲ್ಲಿ ತೀರಿಕೊಂಡ ಮಗುವಿನ ದನಿ ಇತ್ತು, ನಲವತ್ತು ಸೆಕೆಂಡು. ಬೇರೆಲ್ಲೂ ಇರಲಿಲ್ಲ. ಆ ತಾಯಿ ಬೈಯಲೂ ಇಲ್ಲ, ಅಳಲೂ ಇಲ್ಲ. ಕಂಪ್ಯೂಟರನ್ನು ಕೌಂಟರಿನ ಮೇಲೇ ಬಿಟ್ಟು ಇಳಿದು ಹೋದಳು. ಅವತ್ತು ಅಣ್ಣ ಆ ರಟ್ಟು ಬರೆದು ತೂಗುಹಾಕಿದ.

ಅಣ್ಣ ಮುಂದಿನ ಕೌಂಟರಿನಲ್ಲೇ ಇದ್ದ. ಕಸುಬು ಅವಳಿಗೆ ಕಲಿಸಿದವನು ಅವನೇ. ಟೀಚರ್ ಒಳಗೆ ಬಂದಾಗಿನಿಂದ ಭೂತಗನ್ನಡಿಯಿಂದ ಮುಖ ಎತ್ತಿರಲಿಲ್ಲ.

"ಏನಣ್ಣ, ಇವತ್ತು ಮಾತೇ ಇಲ್ಲ? ನಾಲಿಗೆಗೂ ಬೆಸುಗೆ ಹಾಕ್ಕೊಂಡಿದೀಯಾ?"

"ಆ ಕೆಲಸ ನಮಗ್ಯಾಕೆ?" ಎಂದ ಅಣ್ಣ, ತಗ್ಗಿದ ದನಿಯಲ್ಲಿ. "ವಿಚಾರಣೆ, ಕೋರ್ಟು, ಪೇಪರು. ಬೇರೆ ಕಡೆ ಕಳಿಸು."

"ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ವಾಪಸ್ ಕಳಿಸಿಲ್ಲ ನಾವು."

ಅಣ್ಣ ಬೆಸುಗೆ ಕಡ್ಡಿ ಎತ್ತಿಕೊಂಡ. ಬೆಸುಗೆಯ ಹೊಗೆ ನೆಟ್ಟಗೆ ಮೇಲೆದ್ದಿತು.

ನಕಲು ಮುಗಿಯುವ ತನಕ ಟೀಚರ್ ತಮ್ಮ ಚೀಲದಿಂದ ಎರಡು ಹಾಳೆ ತೆಗೆದರು. ಒಂದು ಹೋದ ವರ್ಷದ ತಪಾಸಣಾ ಪ್ರಮಾಣಪತ್ರ. ಇನ್ನೊಂದು ಈ ವರ್ಷದ್ದು. ಲಿಫ್ಟು ಬೀಳುವುದಕ್ಕೆ ಐದು ದಿನ ಮುಂಚಿನ ತಾರೀಕಿನದು, ಅದೇ ಲಿಫ್ಟಿನದು.

ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಎರಡು ಸಹಿಗಳು ಒಂದೇ ಆದವು. ಕೊನೆಯ ಗೀಟಿನಲ್ಲಿ ಶಾಯಿ ತಪ್ಪಿದ ಬಿರುಕು ಕೂಡ ಒಂದೇ ಜಾಗದಲ್ಲಿತ್ತು.

"ನನ್ನ ಗಂಡ ಮೂವತ್ತು ವರ್ಷದಲ್ಲಿ ಎರಡು ಸಲ ಒಂದೇ ಥರ ಸಹಿ ಹಾಕಿದವರಲ್ಲ," ಎಂದರು. "ಬ್ಯಾಂಕಿನವರು ಬೈದು ಬೈದು ಸುಸ್ತಾದರು. ಇದು ಹಾಕಿದ್ದಲ್ಲ, ಅಂಟಿಸಿದ್ದು."

"ಸಮಿತಿಗೆ ತೋರಿಸಿದ್ರಾ?"

"ತೋರಿಸಿದೆ. ಹೆಂಡತಿ ಅಲ್ವಾ, ಹೀಗೇ ಹೇಳೋದು ಅಂದ್ರು. ಒಬ್ಬರು ನನಗೆ ನೀರು ಬೇಕಾ ಅಂತ ಕೇಳಿದ್ರು."

ಹತ್ತೂ ಇಪ್ಪತ್ತಕ್ಕೆ ನಕಲು ಮುಗಿಯಿತು. ಸ್ಕ್ರೂ ಅಕ್ಕ ಅದನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಳು. ಮೊದಲು ನೋಡಿದ್ದು ಸಿಸ್ಟಂ ಹುಟ್ಟಿದ ದಿನ. ಪ್ರತಿ ಸಿಸ್ಟಮ್ಮೂ ತಾನು ಈ ಡಿಸ್ಕಿನ ಮೇಲೆ ಯಾವಾಗ ಕೂತೆ ಎಂದು ಬರೆದಿಟ್ಟುಕೊಂಡಿರುತ್ತದೆ.

ಅವಳು ಎರಡು ಸಲ ಓದಿದಳು.

"ನಿಮ್ಮ ಯಜಮಾನರು ತೀರಿಕೊಂಡಿದ್ದು ಏಳನೇ ತಾರೀಕು ಅಂದ್ರಲ್ವಾ?"

"ಏಳು. ಬೆಳಗಿನ ಜಾವ."

"ಈ ಸಿಸ್ಟಂ ಹಾಕಿರೋದು ಒಂಬತ್ತನೇ ತಾರೀಕು. ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ."

ಟೀಚರ್ ಕುರ್ಚಿಯ ಕೈ ಹಿಡಿದುಕೊಂಡರು. "ಒಂಬತ್ತಕ್ಕೆ ನನ್ನ ಮೈದುನ ತಗೊಂಡು ಹೋಗಿದ್ದ. ನಿಧಾನ ಆಗಿದೆ ಅತ್ತಿಗೆ, ಸರಿಮಾಡಿಸಿ ಕೊಡ್ತೀನಿ ಅಂತ. ಸಂಜೆಗೇ ವಾಪಸ್ ಕೊಟ್ಟ. ಫೋಟೋ, ಕಡತ, ಎಲ್ಲ ಇದ್ದಲ್ಲೇ ಇದ್ವು. ಹೊಸ ಸಿಸ್ಟಂ ಹಾಕಿದ್ದು ಅಂತ ಅವನು ಹೇಳಲೇ ಇಲ್ಲ."

ಮೈದುನನೆಂದರೆ ಇನ್‌ಸ್ಪೆಕ್ಟರ ಒಡಹುಟ್ಟಿದ ತಮ್ಮ. ಕುಸಿದ ಲಿಫ್ಟಿನ ನಿರ್ವಹಣೆ ಅವನ ಕಂಪನಿಯದೇ.

ಸ್ಕ್ರೂ ಅಕ್ಕ ಡಿಸ್ಕಿನ ಬುಡದಲ್ಲಿ ಹುಡುಕಿದಳು. ಹಳೆಯ ಸಿಸ್ಟಮ್ಮನ್ನು ಅಳಿಸದೆ ಅದರ ಮೇಲೇ ಹೊಸದನ್ನು ಹಾಕಿದರೆ, ಹಳೆಯದೆಲ್ಲ ಒಂದು ಫೋಲ್ಡರಿನಲ್ಲಿ ಮೂಟೆ ಕಟ್ಟಿದ ಹಾಗೆ ಪಕ್ಕಕ್ಕೆ ಸರಿದು ಕೂರುತ್ತದೆ. ಆ ಮೂಟೆ ಅಲ್ಲಿತ್ತು. ಹಾಕಿದವನು ಅದರಿಂದ ಫೋಟೋ ಮತ್ತು ಕಡತಗಳನ್ನು ಮಾತ್ರ ಹೊಸ ಜಾಗಕ್ಕೆ ತಂದಿದ್ದ. ಎಷ್ಟು ಚೊಕ್ಕಟವಾಗಿ ಎಂದರೆ, ಒಂದು ಫೋಟೋದ ತಾರೀಕೂ ಬದಲಾಗಿರಲಿಲ್ಲ. ಅರ್ಧಂಬರ್ಧ ಕಲಿತವರು ನಕಲು ಮಾಡಿದರೆ ಎಲ್ಲಕ್ಕೂ ಆವತ್ತಿನ ತಾರೀಕು ಬೀಳುತ್ತದೆ.

"ಕಸುಬು ಬಲ್ಲವನು ಮಾಡಿದ ಕೆಲಸ," ಎಂದಳು. ಅವಳಿಗೆ ತಿಳಿಯದೆಯೇ ದನಿಯಲ್ಲಿ ಮೆಚ್ಚುಗೆ ಇಣುಕಿತು.

"ಹಾಗಾದ್ರೆ ಏನೂ ಹೋಗಿಲ್ವಾ?"

"ಕಣ್ಣಿಗೆ ಕಾಣೋದು ಯಾವುದೂ ಹೋಗಿಲ್ಲ. ಅವರು ಪತ್ರ ಬರೀತಿದ್ದ ಪ್ರೋಗ್ರಾಂ ಮಾತ್ರ ಹೊಸ ಸಿಸ್ಟಮ್ಮಲ್ಲಿಲ್ಲ. ಹಳೇ ಕಾಲದ ಪ್ರೋಗ್ರಾಂ. ಕಳಿಸಿದ ಪತ್ರದ ಪ್ರತಿ ಈ ಡಿಸ್ಕಲ್ಲಿ ಮಾತ್ರ ಇರುತ್ತೆ, ಬೇರೆಲ್ಲೂ ಇರಲ್ಲ. ಅದೂ ಮೂಟೆ ಒಳಗೇ ಉಳಿದಿದೆ."

"ತೆಗೀಬಹುದಾ?"

"ತೆಗೀಬಹುದು. ಆದರೆ ಈ ಮೂಟೆಗೆ ಹತ್ತು ದಿನ ಆಯುಷ್ಯ. ಹತ್ತು ತುಂಬಿದ ಮೇಲೆ, ಯಂತ್ರ ಚಾಲೂ ಇದ್ದು ಬಿಡುವಾಗಿದ್ದಾಗ ತಾನೇ ಗುಡಿಸಿ ಹಾಕುತ್ತೆ. ಇವತ್ತು ಹನ್ನೊಂದು ನಲವತ್ತೆರಡಕ್ಕೆ ಹತ್ತು ತುಂಬುತ್ತೆ. ಅದು ಕೆಟ್ಟು ಕೂತದ್ದು ನಿಜಕ್ಕೂ ಪುಣ್ಯ ಆಯ್ತು."

ಒಂಬತ್ತನೇ ತಾರೀಕು. ಆ ದಿನ ಅವಳಿಗೆ ನೆನಪಿತ್ತು. ಅಣ್ಣ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೋಗಿ, ಅವಳೊಬ್ಬಳೇ ಎರಡು ಕೌಂಟರು ನೋಡಿಕೊಂಡು ಹೈರಾಣಾಗಿದ್ದಳು.

ಪತ್ರಗಳ ಕಡತ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಪ್ರಮಾಣಪತ್ರದ ತಾರೀಕಿನಂದೇ ಕಳಿಸಿದ ಪತ್ರವೊಂದಿತ್ತು. ತಮ್ಮನ ಕಂಪನಿಗೆ. ನಾಲ್ಕು ಸಾಲು.

*ವೇಗ ನಿಯಂತ್ರಕದ ಹಗ್ಗ ಸವೆದಿದೆ. ಮೂರನೇ ಮಹಡಿ ದಾಟುವಾಗ ನೆಲದ ಮೇಲಿಟ್ಟ ನಾಣ್ಯ ನಿಲ್ಲುವುದಿಲ್ಲ. ಹಗ್ಗ ಬದಲಿಸುವ ತನಕ ಪ್ರಮಾಣಪತ್ರ ಕೊಡಲಾರೆ. ತಮ್ಮನೆಂದು ಮತ್ತೊಮ್ಮೆ ಹೇಳುತ್ತಿದ್ದೇನೆ, ಲಿಫ್ಟನ್ನು ನಿಲ್ಲಿಸು.*

ಟೀಚರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

"ಸತ್ತ ದಿನ ಕೂಡ ತಮ್ಮನ ಹೆಸರು ಹೇಳಲಿಲ್ಲ," ಎಂದರು ಕೊನೆಗೆ. "ನಾನೇ ಸರಿಮಾಡ್ತೀನಿ, ನಾನೇ ಸರಿಮಾಡ್ತೀನಿ ಅಂತಿದ್ರು."

ಸ್ಕ್ರೂ ಅಕ್ಕ ಪತ್ರವನ್ನು ಪ್ರಿಂಟು ಹಾಕಿ ಕೊಟ್ಟಳು. "ಇದು ಬರೀ ಕಾಗದ. ನೀವೇ ಟೈಪ್ ಮಾಡಿಸಿದ್ದು ಅಂದುಬಿಡ್ತಾರೆ. ಸಮಿತಿಗೆ ಬೇಕಾಗಿರೋದು ಡಿಸ್ಕು. ಒಂಬತ್ತಕ್ಕೆ ಈ ಸಿಸ್ಟಂ ಹಾಕಿದವನು ಬಂದು, ನಾನು ಮುಟ್ಟಿದಾಗಲೇ ಈ ಮೂಟೆ ಅದರಲ್ಲಿತ್ತು ಅಂತ ಹೇಳಿದ್ರೆ ಆಯಿತು. ಆಮೇಲೆ ಯಾರೂ ಅಲ್ಲ ಅನ್ನೋ ಹಾಗಿಲ್ಲ. ಆ ಮನುಷ್ಯ ಯಾರು ಅಂತ ಗೊತ್ತಾಗಬೇಕು."

"ನನ್ನ ಮೈದುನನ್ನೇ ಕೇಳೋಣ ನಡೀರಿ."

ಸ್ಕ್ರೂ ಅಕ್ಕ ಚಪ್ಪಲಿ ಮೆಟ್ಟಿದಳು. "ಅಣ್ಣ, ಎರಡು ಡಿಸ್ಕೂ ಮೇಜಿನ ಮೇಲಿವೆ. ನೋಡ್ಕೋ."

ಅಣ್ಣ ತಲೆ ಆಡಿಸಿದ. ಭೂತಗನ್ನಡಿಯ ಆಚೆ ಅವನ ಒಂದು ಕಣ್ಣು ದೊಡ್ಡದಾಗಿ ಕಂಡಿತು.

* * *

ಮೈದುನನ ಕಚೇರಿ ಬೇರೊಂದು ಕಟ್ಟಡದ ಐದನೇ ಮಹಡಿಯಲ್ಲಿತ್ತು; ಅಲ್ಲಿನ ಲಿಫ್ಟಿನ ನಿರ್ವಹಣೆಯೂ ಅವನದೇ. ಎಲ್ಲಿ ಹೋದರೂ ಮೆಟ್ಟಿಲೇ ಹತ್ತುವ ಟೀಚರ್ ಇವತ್ತು ಲಿಫ್ಟಿನ ಬಾಗಿಲಿಗೆ ನಡೆದರು.

ಒಳಗೆ ಹೋದವರೇ ಬಗ್ಗಿ, ನೆಲದ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರು. "ಅವರು ಹೀಗೇ ಮಾಡ್ತಿದ್ರು. ಮೀಟರು ಗೀಟರು ಎಲ್ಲ ಆಮೇಲೆ. ಮೊದಲು ನಾಣ್ಯ."

ಲಿಫ್ಟು ಹೊರಟಿತು. ಒಂದು. ಎರಡು. ಮೂರನೇ ಮಹಡಿ ದಾಟುವಾಗ ನಾಣ್ಯ ನಡುಗಿ, ಒಂದು ಸುತ್ತು ಉರುಳಿ, ಮಗುಚಿಕೊಂಡಿತು.

ಟೀಚರ್ ಅದನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು.

ಗಾಜಿನ ಬಾಗಿಲಿನ ಆಚೆ, ದೊಡ್ಡ ಪರದೆಯ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಅವರನ್ನು ಕಂಡು ಎದ್ದುನಿಂತಳು.

"ಅತ್ತೆ! ನೀವಿಲ್ಲಿ?"

ಸ್ಕ್ರೂ ಅಕ್ಕ ನಿಂತಲ್ಲೇ ನಿಂತಳು. ಅಣ್ಣನ ಮಗಳು. ಕ್ಯಾಲೆಂಡರ್ ಮುದ್ರಿಸುವ ಪ್ರೆಸ್ಸಿನಲ್ಲಿ ವಿನ್ಯಾಸದ ಕೆಲಸ ಎಂದು ಅಣ್ಣ ಹೇಳಿದ್ದ.

"ನೀನು ಇಲ್ಲಿ ಏನು ಮಾಡ್ತಿದೀಯೇ?"

"ಕೆಲಸಕ್ಕೆ ಸೇರಿ ಒಂದು ತಿಂಗಳಾಗ್ತಾ ಬಂತು. ಅಪ್ಪ ಹೇಳಲಿಲ್ವಾ?" ಹುಡುಗಿಯ ನಗು ಅರ್ಧಕ್ಕೆ ನಿಂತಿತು. ಟೀಚರ ಮುಖ ನೋಡಿ, ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟಳು. "ಆಯಾಸ ಆದ ಹಾಗಿದೆ ನಿಮಗೆ. ಕುಡೀರಿ."

ಟೀಚರ್ ಕುಡಿದರು. "ಒಳ್ಳೆ ಹುಡುಗಿ," ಎಂದರು.

ಮೈದುನನ ಕೋಣೆಯಲ್ಲಿ ಗ್ರೀಸಿನ ವಾಸನೆ ಇತ್ತು. ಕಪಾಟಿನ ಮೇಲೆ ಹಳೆಯ ಲಿಫ್ಟಿನ ಒಂದು ಗಾಲಿಯನ್ನು ಹೊಳೆಯುವ ಹಾಗೆ ಉಜ್ಜಿ ಅಲಂಕಾರಕ್ಕೆ ಇಟ್ಟಿದ್ದ.

"ಬನ್ನಿ ಅತ್ತಿಗೆ. ಅಣ್ಣ ಇದ್ದಾಗ ಒಂದು ದಿನ ನನ್ನ ಆಫೀಸಿನ ಮೆಟ್ಟಿಲು ಹತ್ತಲಿಲ್ಲ ನೀವು."

"ಈಗಲೂ ಹತ್ತಲಿಲ್ಲ. ನಿನ್ನ ಲಿಫ್ಟಲ್ಲೇ ಬಂದೆ. ಬದುಕಿ ಬಂದೆ."

ಅವನು ನಕ್ಕ. ತಣ್ಣಗೆ. "ಇವರು?"

"ಲ್ಯಾಪ್‌ಟಾಪ್ ರಿಪೇರಿ ಮಾಡ್ತಾರೆ."

"ಓಹೋ, ಸ್ಕ್ರೂ ಅಕ್ಕ ಅಂದ್ರೆ ನೀವೇನಾ! ಬಹಳ ಕೇಳಿದೀನಿ ನಿಮ್ಮ ಬಗ್ಗೆ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. "ಒಂಬತ್ತನೇ ತಾರೀಕು ಇವರ ಲ್ಯಾಪ್‌ಟಾಪಿಗೆ ಹೊಸ ಸಿಸ್ಟಂ ಹಾಕಿಸಿದ್ರಿ. ಸಾವಾದ ಮೂರನೇ ದಿನ. ಏನು ಅವಸರ ಇತ್ತು?"

"ಅತ್ತಿಗೆನೇ ಅಂದ್ರು, ಫೋಟೋ ತೆರೀತಾ ಇಲ್ಲ ಅಂತ."

"ನಾನು ಹೇಳಿದ್ದು ನನ್ನ ಕೈಲಿ ತೆರೆಯೋಕೆ ಆಗ್ತಿಲ್ಲ ಅಂತ," ಎಂದರು ಟೀಚರ್. "ಲ್ಯಾಪ್‌ಟಾಪಿಗೆ ಆಗ್ತಿಲ್ಲ ಅಂತಲ್ಲ."

"ಅಪಾರ್ಥ ಆಯಿತು. ಅದಕ್ಕೀಗ ಏನು? ಫೋಟೋ ಒಂದಾದ್ರೂ ಹೋಗಿದೆಯಾ? ಅಣ್ಣನ ಒಂದು ಕಡತ ಹೋಗಿದೆಯಾ? ಉಪಕಾರ ಮಾಡಿದ್ರೂ ತಪ್ಪು."

"ಫೋಟೋ ಎಲ್ಲ ಇವೆ," ಎಂದಳು ಸ್ಕ್ರೂ ಅಕ್ಕ. "ಹಗ್ಗದ ಪತ್ರವೂ ಇದೆ."

ಮೈದುನನ ಕಣ್ಣು ಗೋಡೆ ಗಡಿಯಾರದ ಕಡೆ ಹೋಗಿ ಬಂತು. ಹನ್ನೆರಡೂವರೆ.

"ಸಾಧ್ಯವಿಲ್ಲ," ಎಂದ. "ಹತ್ತು ದಿನ ಆಗಿಹೋಗಿದೆ."

ಟೀಚರ್ ಕಣ್ಣು ಮುಚ್ಚಿಕೊಂಡರು. ಸ್ಕ್ರೂ ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಹತ್ತು ದಿನದ ಲೆಕ್ಕ ಲಿಫ್ಟಿನವರಿಗೆ ಹೇಗೆ ಗೊತ್ತು? ಯಾರು ಹೇಳಿದ್ರು?"

ಬಾಯಿ ಜಾರಿದ್ದು ಅವನಿಗೂ ತಿಳಿಯಿತು. ಆದರೆ ಅವನು ಬೆವರಲಿಲ್ಲ. ಕುರ್ಚಿಗೆ ಒರಗಿ, ಅವಳ ಮುಖವನ್ನೇ ನೋಡುತ್ತ, ಒಂದೊಂದೇ ಮಾತನ್ನು ನಿಧಾನವಾಗಿ ಹೊರಗಿಟ್ಟ.

"ಹಾಕಿದ ಮನುಷ್ಯನೇ ಹೇಳಿದ. ಪೂರ್ತಿ ಅಳಿಸಿಬಿಡಪ್ಪ, ಆಮೇಲೆ ಫೋಟೋ ಹಾಕಿಕೊಡು ಅಂದೆ. ಕೇಳಲಿಲ್ಲ ಮಹಾರಾಯ. ಒಂದೇ ಹಟ. 'ನಮ್ಮಲ್ಲಿ ಅಳಿಸೋ ಪದ್ಧತಿ ಇಲ್ಲ, ಸರಿಸಿಡ್ತೀವಿ, ಹತ್ತು ದಿನ ಕಳೆದ್ರೆ ತಾನೇ ಹೋಗುತ್ತೆ' ಅಂದ. 'ನಮ್ಮಲ್ಲಿ' ಅಂದ ನೋಡಿ."

ಸ್ಕ್ರೂ ಅಕ್ಕ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು.

"ಸಾಕ್ಷಿ ಬೇಕಲ್ವಾ ನಿಮಗೆ? ನಾಲ್ಕು ಗಂಟೆಗೆ ಅವನನ್ನ ಕರ್ಕೊಂಡು ಬನ್ನಿ. ನಾನು ಬೇಡ ಅನ್ನಲ್ಲ." ಅವನು ಟೀಚರ ಕಡೆ ತಿರುಗಿದ. "ಅತ್ತಿಗೆ, ಅಣ್ಣ ಸತ್ತಾಯ್ತು. ಸತ್ತವರನ್ನ ಯಾರೂ ಜೈಲಿಗೆ ಹಾಕಲ್ಲ. ಬದುಕಿರೋರನ್ನ ಹಾಕ್ತಾರೆ. ಮನೆಯವನೇ ಅಲ್ವಾ ನಾನು?"

"ನಿನ್ನ ಅಣ್ಣನೂ ಹಾಗೇ ಅಂದ್ಕೊಂಡಿದ್ರು," ಎಂದರು ಟೀಚರ್, "ಅದರಿಂದಲೇ ಸತ್ತರು."

* * *

ಟ್ಯಾಕ್ಸಿ ಆಮೆಯ ಹಾಗೆ ಹೋಗುತ್ತಿತ್ತು. ಮುಂದೆ ಯಾವುದೋ ಲಾರಿ ಕೆಟ್ಟು ನಿಂತಿತ್ತು. ಸ್ಕ್ರೂ ಅಕ್ಕ ಮೂರು ಸಲ ಅಂಗಡಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ.

ಎರಡು ಡಿಸ್ಕೂ ಮೇಜಿನ ಮೇಲಿವೆ. ನೋಡ್ಕೋ. ಅವಳೇ ಹೇಳಿದ ಮಾತು.

ಟೀಚರ್ ಕಿಟಕಿಯ ಆಚೆ ನೋಡುತ್ತಿದ್ದರು. ತರಗತಿಯಲ್ಲಿ ಕೊನೇ ಬೆಂಚಿನವರನ್ನು ಕೇಳುವ ಹಾಗೆ, ದನಿ ಏರಿಸದೆ ಕೇಳಿದರು.

"ಆ ಗೋಡೆ ಮೇಲಿನ ರಟ್ಟು... ಅದು ಯಾರ ಅಕ್ಷರ?"

ಸ್ಕ್ರೂ ಅಕ್ಕ ಟ್ಯಾಕ್ಸಿಯ ಬಾಗಿಲು ತೆಗೆದು ಇಳಿದಳು.

"ನೀವು ಇದರಲ್ಲೇ ಬನ್ನಿ," ಎಂದವಳೇ ಓಡಿದಳು. ಎರಡು ಬೀದಿ, ಒಂದು ತಿರುವು. ಟೈಲರು ಏನೋ ಕೂಗಿದ; ಅವಳಿಗೆ ಕೇಳಿಸಲಿಲ್ಲ. ಮೂವತ್ತೆಂಟು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಅಂಗಡಿಯ ಷಟರು ಅರ್ಧ ಎಳೆದಿತ್ತು.

ಬಗ್ಗಿ ಒಳಗೆ ಹೋದಳು. ಮೇಜಿನ ಮೇಲೆ ಅಯಸ್ಕಾಂತದ ತಟ್ಟೆ ಖಾಲಿ. ಹನ್ನೊಂದು ಸ್ಕ್ರೂಗಳೂ ಅವುಗಳ ಜಾಗ ಸೇರಿದ್ದವು. ಲ್ಯಾಪ್‌ಟಾಪು ಮುಚ್ಚಳ ತೆರೆದು ಕೂತಿತ್ತು. ಪರದೆಯ ಮೇಲೆ ಟೀಚರ ಗಂಡ ಯಾವುದೋ ಸಮುದ್ರದ ಮುಂದೆ ನಿಂತು ನಗುತ್ತಿದ್ದರು. ಅಂಚಿನ ಪುಟ್ಟ ದೀಪ ಮಿಟುಕುತ್ತಿತ್ತು.

ಅವಳು ಹಾರಿಬಿದ್ದು ಫೋಲ್ಡರುಗಳನ್ನು ತೆರೆದಳು. ಹಳೆಯ ಸಿಸ್ಟಮ್ಮಿನ ಮೂಟೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ; ಯಂತ್ರ ತಾನೇ ಗುಡಿಸಿ ಹಾಕಿತ್ತು.

"ರಿಪೇರಿ ಆಯಿತು," ಎಂದ ಅಣ್ಣ. ಮುಂದಿನ ಕೌಂಟರಿನ ಹಿಂದೆ, ಕತ್ತಲಲ್ಲಿ ಕೂತಿದ್ದ. "ಶುರುವಾಗೋ ಕಡತ ಒಂದು ಕೆಟ್ಟಿತ್ತು. ಹತ್ತು ನಿಮಿಷದ ಕೆಲಸ. ಗಿರಾಕಿಗೆ ಯಂತ್ರ ಓಡಬೇಕು ತಾನೆ?"

"ಕಣ್ಣು ತೋರಿಸೋಕೆ ಹೋಗಿದ್ದೆ ಅಂದೆಯಲ್ಲ ಅವತ್ತು." ಅವಳ ಉಸಿರು ಇನ್ನೂ ಕೈಗೆ ಸಿಕ್ಕಿರಲಿಲ್ಲ. "ಕಣ್ಣು ಸರಿಯಾಗೇ ಇದೆಯಲ್ಲಣ್ಣ ನಿಂಗೆ. ಒಂದು ಫೋಟೋದ ತಾರೀಕೂ ತಪ್ಪಿಲ್ಲ."

ಅಣ್ಣ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದ.

"ನಾನು ಹೊಗಳಿದೆ ಕಣೋ! ಅವರ ಮುಂದೆ, ಕಸುಬು ಬಲ್ಲವನು ಅಂತ ಹೊಗಳಿದೆ. ನೀನು ಕೇಳಿಸ್ಕೊಂಡು ಕೂತಿದ್ದೆ."

"ಕೇಳಿಸ್ತು."

"ನಕಲೆಲ್ಲಿ?"

ಅಣ್ಣ ಕೌಂಟರಿನ ಮೇಲಿಟ್ಟಿದ್ದ ಅಂಗೈಯನ್ನು ನಿಧಾನವಾಗಿ ಎತ್ತಿದ. ಅದರಡಿಯಲ್ಲಿ ನಕಲಿನ ಡಿಸ್ಕಿತ್ತು. ಅವಳೇ ಅಂಟಿಸಿದ ಚೀಟಿಯೂ ಹಾಗೇ ಇತ್ತು.

"ಎರಡು ಗಂಟೆ ಇದನ್ನ ಕೈಲಿಟ್ಕೊಂಡು ಕೂತಿದೀನಿ. ಒಂದು ಗುಂಡಿ ಒತ್ತಿದ್ರೆ ಮುಗೀತಿತ್ತು. ಆಗಲಿಲ್ಲ." ಅವನು ಗೋಡೆಯ ರಟ್ಟಿನ ಕಡೆ ನೋಡಲಿಲ್ಲ. "ಅಳಿಸಿಲ್ಲ. ಸರಿಸಿಟ್ಟಿದ್ದೆ, ಅಷ್ಟೆ."

"ಯಾಕೆ ಮಾಡ್ದೆ? ಆ ಮನುಷ್ಯ ನಿಂಗೆ ಯಾರು?"

"ಅವನು ಯಾರೂ ಅಲ್ಲ." ಅಣ್ಣ ಡಿಸ್ಕನ್ನು ಒಂದು ಬೆರಳಿನಿಂದ ಅವಳ ಕಡೆ ತಳ್ಳಿದ. "ಆ ಸಹಿ ಅಂಟಿಸಿದ್ದು ಯಾರು ಅಂತ ಕೇಳಲ್ವಾ?"

ಅವಳ ಕಣ್ಣ ಮುಂದೆ ದೊಡ್ಡ ಪರದೆಯ ಕಂಪ್ಯೂಟರು ಬಂತು. ಅದರ ಮುಂದಿನಿಂದ ಎದ್ದ ಹುಡುಗಿ. ನೀರಿನ ಲೋಟ.

"ಬೇಡಣ್ಣ," ಎಂದಳು. "ಹೇಳಬೇಡ."

"ಕೆಲಸಕ್ಕೆ ಸೇರಿ ಹನ್ನೊಂದನೇ ದಿನ. ಹೋದ ವರ್ಷದ ಹಾಳೆಯಿಂದ ಸಹಿ ಕತ್ತರಿಸಿ ಹೊಸ ಹಾಳೆಗೆ ಕೂರಿಸು ಅಂದನಂತೆ. ಇನ್‌ಸ್ಪೆಕ್ಟರ್ ಸಾಹೇಬರು ಊರಲ್ಲಿಲ್ಲ, ಒಪ್ಪಿಗೆ ಕೊಟ್ಟಿದ್ದಾರೆ ಅಂದನಂತೆ. ಕೂರಿಸಿದಳು. ಪೇಪರಲ್ಲಿ ನೋಡಿದ ಮೇಲೆ ನನ್ನ ಹತ್ರ ಬಂದು ಅತ್ತಳು. ಮಾರನೇ ದಿನ ಅವನೇ ಫೋನು ಮಾಡಿದ. 'ನಿಮ್ಮ ಮಗಳ ಕಂಪ್ಯೂಟರಲ್ಲೇ ಇದೆ ಆ ಹಾಳೆ, ಅವಳ ಹೆಸರಲ್ಲೇ ಇದೆ' ಅಂದ. ಇನ್ನೇನು ಕೇಳ್ತೀಯ?"

ಕೆಳಗೆ ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದಾಯಿತು.

ಹೆಜ್ಜೆಗಳು ಮೆಟ್ಟಿಲೇರತೊಡಗಿದವು. ಅವಸರವಿಲ್ಲದ, ಅಳೆದ ಹೆಜ್ಜೆಗಳು. ಅಣ್ಣ ತಂಗಿ ಇಬ್ಬರೂ ಅವನ್ನೇ ಕೇಳುತ್ತ ನಿಂತರು. ಸ್ಕ್ರೂ ಅಕ್ಕ ಡಿಸ್ಕನ್ನು ಎತ್ತಿಕೊಂಡಳು. ಅಂಗೈಯಷ್ಟೂ ಅಗಲವಿಲ್ಲದ ವಸ್ತು. ಅಣ್ಣನ ಕೈಯ ಬಿಸಿ ಅದರಲ್ಲಿ ಇನ್ನೂ ಇತ್ತು.

"ಮೂವತ್ತೇಳು," ಎಂದಿತು ಷಟರಿನ ಆಚೆಯ ದನಿ. "ಮೂವತ್ತೆಂಟು."

ಟೀಚರ್ ಬಗ್ಗಿ ಒಳಗೆ ಬಂದರು. ಪರದೆಯ ಮೇಲಿನ ಗಂಡನನ್ನು ನೋಡಿದರು, ರಟ್ಟನ್ನು ನೋಡಿದರು, ಕೊನೆಗೆ ಅಣ್ಣನನ್ನು.

"ನೀವೇ ಅಲ್ವಾ?"

ಅಣ್ಣ ತಲೆ ತಗ್ಗಿಸಿದ. "ಹೌದು."

"ನಾಲ್ಕಕ್ಕೆ ಬಂದು ಹೇಳ್ತೀರಾ?"

"ನನ್ನ ವಿಷಯ ಎಲ್ಲ ಹೇಳ್ತೀನಿ."

"ಸಾಕು." ಟೀಚರ್ ಕೌಂಟರಿನ ಹತ್ತಿರ ಬಂದರು. "ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಅಳಿಸಬಹುದಾಗಿತ್ತು, ಅಳಿಸಲಿಲ್ಲ. ನನ್ನ ಮೈದುನನ ಬಗ್ಗೆಯೂ ಹೇಳೋದು ಉಳಿದಿಲ್ಲ, ಅವನಿಗೆ ಆ ಪತ್ರವೇ ಹೇಳುತ್ತೆ. ನನಗೆ ಬೇಕಾಗಿರೋದು ಇನ್ನೊಂದೇ ಕೈ. ನನ್ನ ಗಂಡನ ಸಹಿ ಕತ್ತರಿಸಿ ಅಂಟಿಸಿದ ಕೈ. ಅದು ಬೇಡಿಯೊಳಗೆ ಇರೋದನ್ನ ನಾನು ಕಣ್ಣಾರೆ ನೋಡಬೇಕು. ಅಲ್ಲೀ ತನಕ ಬಿಡಲ್ಲ."

ಅವರು ಸ್ಕ್ರೂ ಅಕ್ಕನ ಮುಂದೆ ಕೈ ಚಾಚಿದರು.

"ಡಿಸ್ಕು ಕೊಡಿ."

ಕೌಂಟರಿನ ಮೇಲೆ ಅಣ್ಣನ ಫೋನು ಸದ್ದಿಲ್ಲದೆ ಬೆಳಗಿತು. ಪರದೆಯ ಮೇಲೆ ಒಂದೇ ಪದ: *ಮಗಳು*. ಅಣ್ಣ ಅದನ್ನು ಎತ್ತಲಿಲ್ಲ, ಬೋರಲು ಹಾಕಲೂ ಇಲ್ಲ. ಟೀಚರ ಕಣ್ಣು ಆ ಬೆಳಕಿನ ಕಡೆ ಹೊರಳಿತು, ಅಲ್ಲೇ ನಿಂತಿತು.

ಚಾಚಿದ ಕೈ ಮಾತ್ರ ಹಾಗೇ ಇತ್ತು.